ಒಂದೇ ಒಂದು ಹಸಿರು ಚುಕ್ಕೆ

ಅಕ್ಟೋಬರ್ ೧೪, ರಾತ್ರಿ

ಮತ್ತೆ ಈ ಅಜ್ಜಿಯ ದಿನಚರಿ ಕದ್ದು ಓದುತ್ತಿದ್ದೀಯಾ, ಮೊಮ್ಮಗಳೇ ಟ್ಯಾಮ್ಸಿನ್? ನಾಚಿಕೆಗೆಟ್ಟವಳೇ! ಓದು.

ಮುಂದೆ ಮನೆಗಳು ಎಲ್ಲಿ ಏಳಬೇಕೆಂದು ಕೇಳಲು ಕೌನ್ಸಿಲ್ಲಿನವರು ಇಂದು ಊರಿನ ಸಭಾಂಗಣದಲ್ಲಿ ನಕ್ಷೆ ಹರಡಿದ್ದರು. ಬೇಕಾದಲ್ಲಿ ಹಸಿರು ಚುಕ್ಕೆ, ಬೇಡವಾದಲ್ಲಿ ಕೆಂಪು ಅಂಟಿಸಬೇಕು. ನಕ್ಷೆಗೆ ಸಿಡುಬು ಎದ್ದಂತೆ ಎಲ್ಲೆಲ್ಲೂ ಕೆಂಪೇ. ಮನೆಯಿಲ್ಲದೆ ಕ್ಯಾರವಾನೆಂಬ ಗಾಲಿಗೂಡಿನಲ್ಲಿ ಕೂಸು ಸಾಕುತ್ತಿರುವ ನೀನು ಒಂದೇ ಒಂದು ಹಸಿರು ಅಂಟಿಸಿದೆ. ಪಕ್ಕದ ಮನೆಯ ಡೆನ್ಜಿಲ್ ಅದನ್ನು ಉಗುರಿನಿಂದ ಕಿತ್ತ.

"ಅಲ್ಲಿ ಮನೆ ಎದ್ರೆ ನನ್ನ ಕಿಟಕಿಗೆ ಸಮುದ್ರ ಕಾಣಲ್ಲ. ನಿಂಗೆ ಕ್ಯಾರವಾನೇ ಸಾಕು, ಹೋಗಮ್ಮ."

"ಸಮುದ್ರ ಕಾಣದಿದ್ರೆ ನಕ್ಷತ್ರ ನೋಡೋ, ಹಂದಿ!" ಎಂದು ನಾನು ಊರುಗೋಲು ಬೀಸಿದೆ. ಅವನ ಬಲಗೈ ಮೂಳೆ ಲಟಕ್ಕೆಂದಿತು. ಚರ್ಮ ಒಡೆದು ನಕ್ಷೆಯ ಮೇಲೆ ರಕ್ತ ಹನಿಯಿತು. ನನಗೀಗಲೂ ಕೊರಗು. ಹೊಡೆದೆನಲ್ಲ ಎಂದಲ್ಲ, ಇನ್ನೊಂದು ಏಟು ಬಾಕಿ ಉಳಿಯಿತಲ್ಲ ಎಂದು.

ಅವನು ಬಿಡುವವನಲ್ಲ, ಅಲ್ಲಿ ಮನೆ ಬೇಡವೆಂದು ಎಡಗೈಯಲ್ಲೇ ಕೌನ್ಸಿಲ್ಲಿಗೆ ತಕರಾರು ಗೀಚಿ ಕಳಿಸುತ್ತಾನೆ. ನಿನ್ನ ಬಲಗೈ ನೆಟ್ಟಗಿದೆ. ಕೌನ್ಸಿಲ್ಲಿನವರು ಕೊಟ್ಟ ಗಡುವು ಈ ತಿಂಗಳ ಕೊನೆ; ಅಷ್ಟರೊಳಗೆ ಅಲ್ಲಿ ಮನೆ ಬೇಕೇ ಬೇಕೆಂದು ಅವರಿಗೆ ಬರೆ.