ಮೊದಲಿನ ದೇವಕಿಗೆ

ಶ್ರೀಲತಾ,

ಶೂಟಿಂಗಿಗೆ ರಜೆ ಸಿಕ್ಕಿತೆಂದು ಊರಿಗೆ ಬಂದಿದ್ದೇನೆ. ಬೆಳಿಗ್ಗೆ ಗಂಗೊಳ್ಳಿ ಬಂದರಿಗೆ ಮೀನು ತರಲು ಹೋಗಿದ್ದೆ. ಮಾರುವ ಹೆಂಗಸು ನನ್ನ ಮುಖವನ್ನೇ ನೋಡಿ, "ಹ್ವಾಯ್, ನೀವ್ ಸೀರಿಯಲ್ಲಿನ್ ದೇವಕಿ ಅಲ್ದಾ?" ಎಂದಳು. ಗುರುತು ಹಿಡಿದಳಲ್ಲ ಎಂದು ಸೆರಗು ಸರಿಮಾಡಿಕೊಂಡೆ. ಅಷ್ಟರಲ್ಲಿ, "ಮೊದ್ಲಿನ್ ದೇವಕಿ ಎಲ್ ಹೋದ್ರ್?" ಎಂದು ಕೇಳಿಯೇಬಿಟ್ಟಳು.

ನಿನ್ನ ಪಾತ್ರಕ್ಕೆ ನಾನು ಬಂದು ವರ್ಷವಾಯಿತು. ನೀನು ಉಟ್ಟ ಸೀರೆಗಳನ್ನೇ ಉಟ್ಟು, ನೀನು ಸಾಕಿ ಬೆಳೆಸಿದ ಮಕ್ಕಳಿಗೆ ಬೈಯುತ್ತೇನೆ. ಒಂದು ವಾರದಲ್ಲಿ ಜನ ಹೊಂದಿಕೊಳ್ಳುತ್ತಾರೆ ಎಂದಿದ್ದರು ನಿರ್ದೇಶಕರು. ಹೊಂದಿಕೊಂಡಿದ್ದಾರೆ ನಿಜ, ಆದರೂ ನಿನ್ನನ್ನು ಕೇಳುತ್ತಾರೆ. ಆಗೆಲ್ಲ ಚಾನೆಲ್‌ನವರು ಹೇಳಿಕೊಟ್ಟದ್ದನ್ನೇ ಹೇಳುತ್ತೇನೆ. ಇವತ್ತೂ, "ಅವ್ರಿಗ್ ಹುಷಾರಿಲ್ಲೆ" ಎಂದೆ.

ಅವಳ ಮುಖ ಸಣ್ಣದಾಯಿತು. ಬುಟ್ಟಿಯಿಂದ ಒಳ್ಳೆಯ ಕಾಣೆ ಮೀನು ಆರಿಸಿ ಬೇರೆಯಾಗಿ ಕಟ್ಟಿದಳು.

"ಇದ್ ಅವ್ರಿಗ್ ಕೊಡಿ. ಗಂಜಿ ಒಟ್ಟಿಗ್ ಉಂಬುಕೆ ಲಾಯ್ಕ್ ಆತ್ತ್. ದುಡ್ಡ್ ಬ್ಯಾಡ, ಸರೋಜ ಕೊಟ್ಟದ್ ಅಂದ್ ಹೇಳಿ. ನೀವ್ ಅವ್ರನ್ನ್ ದಿನಾ ಕಾಂತ್ರಿ ಅಲ್ದಾ?"

ಹೂಂ, ದಿನಾ ನೋಡುತ್ತೇನೆ ಎಂದೆ.

ಬರುವಾಗ ಬಸ್ಸು ಕೋಟೇಶ್ವರದಲ್ಲಿ ನಿನ್ನ ಮನೆಯ ಎದುರೇ ನಿಂತಿತು. ಕಿಟಕಿಯಿಂದ ನೋಡಿದೆ. ನೀನು ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿದ್ದೆ, ಗಟ್ಟಿಮುಟ್ಟಾಗಿದ್ದೆ. ನನ್ನ ಕೈಯಲ್ಲಿ ಮೀನಿನ ಕಟ್ಟು ಇತ್ತು. ಕಂಡಕ್ಟರ್ ಸೀಟಿ ಊದಿದ, ನಾನು ಇಳಿಯಲಿಲ್ಲ.

ಈಗ ಮೀನು ತೊಳೆದು ಉಪ್ಪು ಹಚ್ಚಿ ಇಟ್ಟಿದ್ದೇನೆ. ನಿನಗೆಂದು ಬಂದದ್ದನ್ನು ಮತ್ತೆ ನಾನೇ ಹೇಗೆ ಉಣ್ಣಲಿ?