ಪಕ್ಕದ ಅಂಗಳಕ್ಕೆ ಬಿದ್ದ ಎಲೆ

ಜುಲೈ 9
ಇವತ್ತೂ ಹೊಸ ಮನೆಯ ಜಾಗಕ್ಕೆ ಹೋಗಿ ಅಲ್ಲಿನ ಮರದ ಕೆಳಗೆ ಕೂತೆ. ವಾಸ್ತುಶಿಲ್ಪಿಯಾದವನು ಮನೆಯ ನಕ್ಷೆ ಬರೆಯುವ ಮುಂಚೆ ಮರದ ಮಾತು ಕೇಳಬೇಕು — ಭಾಷಣಗಳಲ್ಲಿ ಹೇಳುತ್ತಲೇ ಇರುತ್ತೇನಲ್ಲ. ಕಣ್ಣು ಮುಚ್ಚಿದ್ದೆ. ಕತ್ತಿನ ಮೇಲೆ ಕಂಬಳಿಹುಳ ಬಿತ್ತು. ಊದಿ ಬದನೇಕಾಯಿ ಆಗಿದೆ. ಆಫೀಸಿನಲ್ಲಿ ಸಹಾಯಕಿ ಉಸಾಮಿ ಮುಲಾಮು ಹಚ್ಚುತ್ತಾ ಕೇಳಿದಳು, "ಮರ ಏನಂತು ಮೇಷ್ಟ್ರೇ?"
ಸಂಬಳ ಕೊಡುವವನು ನಾನು. ಅದನ್ನು ಅವಳು ಮರೆತಿದ್ದಾಳೆ.

ಜುಲೈ 16
ಮನೆ ಕಟ್ಟಿಸುವ ಕಿನುಯೊ ಅವರಿಗೆ ಮಾಡೆಲ್ ತೋರಿಸಿದೆ. ಎಪ್ಪತ್ತು ದಾಟಿದವರು, ಗಂಡ ಇಲ್ಲ, ಕ್ಷೌರದಂಗಡಿ ನಡೆಸಿ ಈಗ ಬಿಟ್ಟವರು. ಅವರ ಅಂಗಳದ ಪರ್ಸಿಮನ್ ಹಣ್ಣಿನ ಮರವನ್ನು ಬಳಸಿಕೊಂಡು ಮನೆ ಬಾಗುತ್ತದೆ. ಕೊಂಬೆಗೆ ಜಾಗ ಬಿಡಲು ಸೂರನ್ನೇ ಕತ್ತರಿಸಿದ್ದೇನೆ. ಇಷ್ಟು ಒಳ್ಳೆಯದು ಹಿಂದೆಂದೂ ಮಾಡಿಲ್ಲ.
"ಮನೆ ಚೆನ್ನಾಗಿದೆ. ಮರ ಕಡಿಸಿಬಿಡಿ."
"ಮರಕ್ಕೋಸ್ಕರಾನೇ ಅಮ್ಮ, ಈ ಮನೆ."
"ಎಲೆ ಪಕ್ಕದ ತೊಗಾಶಿಯವರ ಅಂಗಳಕ್ಕೆ ಬೀಳುತ್ತೆ. ಅವರು ದೂರು ಹೇಳ್ತಾರೆ. ಸಿಹಿ ಕೊಟ್ಟು, ತಲೆ ಬಗ್ಗಿಸಿ ಕ್ಷಮೆ ಕೇಳೋದು ನಾನು, ನೀವಲ್ಲ."
"ನಾನೇ ಬಂದು ಗುಡಿಸ್ತೀನಿ," ಅಂದುಬಿಟ್ಟೆ. ನಾಲಿಗೆಗೆ ಎಲುಬಿಲ್ಲ.
"ಹಾಗಾದ್ರೆ ಒಂದು ವರ್ಷ ನೋಡೋಣ. ಬರೋ ವರ್ಷದ ನವೆಂಬರ್ ಮುಗಿಯೋದ್ರೊಳಗೆ ದೂರು ನಿಲ್ಲಬೇಕು. ಇಲ್ಲಾಂದ್ರೆ ಮರ ಇರಲ್ಲ."

ಮರುವರ್ಷ, ನವೆಂಬರ್ 4
ಮನೆ ಮುಗಿದಿದೆ, ಎಲೆ ಉದುರುತ್ತಿದೆ. ನಮ್ಮೂರು ಒಕಾಯಾಮಾದಿಂದ ಮೊದಲ ರೈಲು ಹಿಡಿದೆ. ಬಗಲಲ್ಲಿ ಪೊರಕೆ. ಪ್ರಕೃತಿ ಮನೆಯೊಳಗೆ ಬರಲಿ ಎಂದು ಬರೆದವನು ನಾನೇ... ಬಂದಿದೆ, ಮೂಟೆಗಟ್ಟಲೆ. ತೊಗಾಶಿಯವರ ಅಂಗಳದಲ್ಲಿ ಒಂದೆಲೆ ಬಿಡಲಿಲ್ಲ. ಸೊಂಟ ಹೋಯಿತು.
ಎಂಟಕ್ಕೆ ತೊಗಾಶಿಯೇ ಕಿನುಯೊ ಬಾಗಿಲಲ್ಲಿ ಪ್ರತ್ಯಕ್ಷ. ನಿವೃತ್ತ ಬಸ್ ಡ್ರೈವರ್, ಒಂಟಿ ಜೀವ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಮೂರು ಎಲೆ.
"ಬೆಳಿಗ್ಗೆ ಬೆಳಿಗ್ಗೇನೇ ಹೇಳಬಾರದು, ಆದ್ರೂ..."
ಕಿನುಯೊ ತಲೆ ಬಗ್ಗಿಸಿದರು. ಒಳಗೆ ಕರೆದು ಚಹಾ, ಹೂರಣದ ಸಿಹಿ ಕೊಟ್ಟರು. ನನಗೆ ಬರೀ ನೀರು.

ನವೆಂಬರ್ 12
ಗುಡಿಸಿದ್ದಷ್ಟೇ ಅಲ್ಲ, ಒರೆಸಿಯೂ ಬಂದೆ. ಆದರೂ ದೂರು. ಎರಡು ಎಲೆಯಂತೆ! ಮರ ಕಡಿಯಲು ಕಿನುಯೊ ಮಾಲಿಗೆ ದಿನ ಗೊತ್ತುಮಾಡಿದ್ದಾರೆ. ಮರ ಹೋದರೆ ಉಳಿಯುವುದು ಸುಮ್ಮನೆ ಸೊಟ್ಟಗಿರುವ ಮನೆ. ನೆನೆಸಿಕೊಂಡರೆ ಅಳು ಬರುತ್ತದೆ.
ಉಸಾಮಿ: "ಹಾಸಿಗೆ ತಗೊಂಡು ಅಲ್ಲೇ ಇದ್ದುಬಿಡಿ ಮೇಷ್ಟ್ರೇ. ಗಾಳಿ ಬಂದಾಗ ಎಲೆ ಕ್ಯಾಚ್ ಹಿಡೀಬಹುದು."

ನವೆಂಬರ್ 24
ಕಣ್ಣಾರೆ ಕಂಡೆ. ಗುಡಿಸಿ, ಎಲೆಯ ಚೀಲ ಕಟ್ಟಿಟ್ಟು, ಬೇಲಿಯ ಹಿಂದೆ ಕೂತಿದ್ದೆ. ತೊಗಾಶಿ ಹೊರಗೆ ಬಂದರು. ಚೀಲದ ಗಂಟು ಬಿಚ್ಚಿದರು. ಎಲೆಗಳನ್ನು ಬೆಳಕಿಗೆ ಹಿಡಿದು ನೋಡಿದರು — ಹುಳ ತಿಂದದ್ದು ವಾಪಸ್ಸು, ಚೆನ್ನಾಗಿ ಕೆಂಪಾದ ಎರಡು ಮಾತ್ರ ಕೈಯಲ್ಲಿ. ಆಮೇಲೆ ತಲೆ ಬಾಚಿಕೊಂಡರು.
ಓಡಿಹೋಗಿ ಕಿನುಯೊ ಅವರಿಗೆ ಹೇಳಿದೆ.
"ಗೊತ್ತು," ಅಂದರು, ಚಹಾಕ್ಕೆ ನೀರಿಡುತ್ತಾ.
"ಗೊತ್ತಿದ್ದೂ ಮರ ಕಡಿಸ್ತೀರಾ?"
"ಯಾರು ಕಡಿಸ್ತಾರೆ? ಮಾಲಿಗೆ ಹೋದ ವಾರಾನೇ ಬೇಡ ಅಂದೆ."
"ನನಗೊಂದು ಮಾತು ಹೇಳಬಾರದಿತ್ತಾ?"
"ಹೇಳಿದ್ರೆ ಗುಡಿಸೋದು ನಿಲ್ಲಿಸಿಬಿಡ್ತಿದ್ರಲ್ಲ."
ಸಿಟ್ಟು ಬಂತು. ಸಂತೋಷವೂ ಆಯಿತು, ಸುಳ್ಳೇಕೆ.

ಡಿಸೆಂಬರ್ 6
ಮರ ಪೂರ್ತಿ ಬೋಳು. ಬಿಸಿಲೇರುವವರೆಗೆ ಮಲಗಿದೆ. ಮಧ್ಯಾಹ್ನ ಆಫೀಸಿಗೆ ತೊಗಾಶಿ ಬಂದರು. ಟೋಪಿ ಕೈಯಲ್ಲಿ ತಿರುಗಿಸುತ್ತಾ ಕೂತರು.
"ಎಲೆ ಮುಗೀತು ಮೇಷ್ಟ್ರೇ."
"ಹೌದು, ದೇವರು ದೊಡ್ಡವನು."
"ಚಳಿಗಾಲದಲ್ಲಿ ಉದುರೋ ಮರ ಯಾವುದಾದ್ರೂ ಇದೆಯಾ? ನಮ್ಮ ಅಂಗಳದಲ್ಲಿ ನೆಡ್ತೀನಿ. ಅವರ ಕಡೆಗೆ ಬೀಳೋ ಹಾಗೆ."
"ಅವರ ಕಡೆಗೆ ಯಾಕೆ?"
"ಈ ಸಲ ನಾನು ಸಿಹಿ ತಗೊಂಡು ಹೋಗಿ ತಲೆ ಬಗ್ಗಿಸ್ತೀನಿ."
ಉಸಾಮಿ ಹೊಸ ಹಾಳೆ ಹಾಸಿದಳು. ಗಾಳಿ ಯಾವ ಕಡೆಯಿಂದ, ಬೇಲಿ ಎಷ್ಟೆತ್ತರ — ಸಂಜೆವರೆಗೆ ಅದೇ. ಚಳಿಗಾಲದಲ್ಲಿ ಹೂ ಬಿಡುವ ಕಮೀಲಿಯಾ ಗಿಡ ನೆಡಿ, ಎಲೆಯಲ್ಲ, ಹೂವೇ ಉದುರುತ್ತೆ ಅಂದೆ. ಮುದುಕರ ಕಿವಿ ಕೆಂಪಾಯಿತು. ನಾಳೆ ಬೆಳಿಗ್ಗೆಯೇ ನೆಡಬೇಕಂತೆ. ಗುಂಡಿ ತೋಡಲು ನಾನೂ ಬರಬೇಕಂತೆ. ಖಂಡಿತ ಆಗಲ್ಲ ಅನ್ನಲು ಬಾಯಿ ತೆರೆದವನು, ಎಷ್ಟು ಗಂಟೆಗೆ ಅಂತ ಕೇಳಿಬಿಟ್ಟೆ.