ಉಡುಪೀಲಿ ಕಳೆದೋದ ಮಾತು

ಮಾರ್ಚ್ ೧೨, ಬುಧವಾರ. ಗುಂಡ್ಲುಪೇಟೆ.

ಜಬ್ಬಾರ ಮೆಸೇಜ್ ಕಳ್ಸವ್ನೆ! ಸುಳ್ಳು. ಅವನ್ನ ಮಣ್ಣು ಮಾಡಿ ಒಂಬತ್ತು ದಿನ ಆಯ್ತು. ಅವನ್ ಹೆಸ್ರಲ್ಲಿ ನನ್ ಕಂಪ್ಯೂಟರ್ ಪೋರ್ಟಿಗೆ ನಾನೇ ಕಳಿಸ್ಕಂಡೆ.

ಗೆಣೆಕಾರ ಅವ್ನು; ಅವ್ನು ಚಾಮರಾಜನಗರ, ನಾನಿಲ್ಲಿ. ರಿಟೈರಾದ್ಮೇಲೆ ಇಬ್ರೂ ಸೇರಿ ಕಂಪ್ಯೂಟರಿನ ಸಿ ಭಾಷೇಲಿ ಬರ್ದಿದ್ದ ಚಾಟ್ ಪ್ರೋಗ್ರಾಮಲ್ಲೇ ನಮ್ ಮಾತು. ಅದ್ರಲ್ಲಿ ಮೆಸೇಜ್ ಸಾಗ್ಸೋ ಯುಡಿಪಿ ಅನ್ನೋ ಪದ್ಧತೀನ ನಾನು ಉಡುಪಿ ಅಂತಿದ್ದೆ. ಕಳಿಸಿದ್ದು ಮುಟ್ತಾ ಇಲ್ವಾ ಅಂತ ಉಡುಪಿ ಯೋಳಕಿಲ್ಲ. ಅದೇ ನಂಗೆ ಆಟ. ಅವ್ನು ಕಳಿಸಿದ್ನ ಓದ್ಬುಟ್ಟು "ಬಂದೇ ಇಲ್ಲ ಕಣ್ಲಾ" ಅಂತಿದ್ದೆ. "ನಿನ್ ಸಾಕೆಟ್ಟೇ ಕೆಟ್ಟೋಗದೆ ಮುದ್ಕ" ಅಂತ ಬಯ್ಯೋನು.

ಇವತ್ತು ಅವ್ನ ಎಂಡ್ರು ಅಕ್ತರ್ ಬೀ ಕೇಳುದ್ರು: "ಭಾಯ್, ಆಸ್ಪತ್ರೆಗೋಗೋ ಮುಂಚೆ ನಿಮ್ಗೇನೋ ಟೈಪ್ ಮಾಡುದ್ರು, ಬಂತಾ?"

"ದಾರೀಲೇ ಕಳೆದೋಯ್ತು ಕಣವ್ವ" ಅಂದ್ಬುಟ್ಟೆ.

ಬಂದಿತ್ತು. "ಎದೆ ಇಡ್ಕತದೆ, ಬಾರ್ಲಾ." ಓದ್ದೆ. ನನ್ನಂಗೇ ಆಟ ಕಟ್ತಾವ್ನೆ ಅನ್ಕಂಡು, ನಗ್ತಾ ಸುಮ್ನೆ ಕೂತಿದ್ದೆ.